ಗೋಡೆ ಪತ್ರಿಕೆ ಮುಂದೆ ಜನ ನಿಲ್ಲಬೇಕು, ನಿಂತವರು ಬರೆಯಬೇಕು: ಒಂದು ಡೇರಿ ಗೋಡೆಯ ಅನುಭವ

ನಮ್ಮ ಗೋಡೆ ಪತ್ರಿಕೆಯ ಮೊದಲ ಸಂಚಿಕೆಯನ್ನು ಮುಗಿಸಿದ್ದು ಒಂದು ಮೇಕೆ. ಪಂಚಾಯಿತಿ ಗ್ರಂಥಾಲಯದ ಹೊರಗೋಡೆಗೆ ಮೈದಾ ಗಂಜಿ ಬಳಿದು ಹಾಳೆ ಅಂಟಿಸಿ ಬಂದಿದ್ದೆ. ಬೆಳಗ್ಗೆ ಹೋಗಿ ನೋಡಿದರೆ ಕತ್ತು ಎಟುಕುವಷ್ಟೂ ಮೇಯ್ದು, ತಲೆಬರಹದ ‘ನಮ್ಮೂರ’ ಅನ್ನೋದನ್ನಷ್ಟೇ ಉಳಿಸಿತ್ತು. ಎರಡನೇ ಸಂಚಿಕೆಯನ್ನು ಮೇಕೆಗೆ ಎಟುಕದಷ್ಟು ಮೇಲೆ ಅಂಟಿಸಿದೆ. ಅದನ್ನು ಮೇಕೆಯೂ ಮುಟ್ಟಲಿಲ್ಲ, ಮನುಷ್ಯರೂ ಓದಲಿಲ್ಲ.

ಅದಾಗಿ ನಾಲ್ಕು ವರ್ಷ. ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟದಿಂದ ಬಸ್ಸಲ್ಲಿ ಅರ್ಧ ಗಂಟೆ ದೂರದ, ರೇಷ್ಮೆ ಹುಳು ಸಾಕುವ, ಇನ್ನೂರು ಚಿಲ್ಲರೆ ಮನೆಗಳ ಊರು ನಮ್ಮದು. ಹದಿನೈದು ದಿನಕ್ಕೊಂದು ಹಾಳೆ ಬರೆಯುತ್ತೇನೆ. ಈಗ ಹಾಳೆ ಇಳಿಸುವ ಹೊತ್ತಿಗೆ ಅದರ ಮೇಲೆ ಇಪ್ಪತ್ತು, ಮೂವತ್ತು ಜನರ ಕೈಬರಹ ಇರುತ್ತದೆ. ಒಮ್ಮೊಮ್ಮೆ ನಾನು ಬರೆದದ್ದರ ಸಾಲುಗಳ ಮಧ್ಯೆಯೂ ತೂರಿಸಿ ಬರೆದಿರುತ್ತಾರೆ. ಹಾಸ್ಟೆಲಿನಲ್ಲೋ ಶಾಲೆಯಲ್ಲೋ ಯುವಕ ಸಂಘದಲ್ಲೋ ಗೋಡೆ ಪತ್ರಿಕೆ ಶುರು ಮಾಡಿ, ಮೂರು ಸಂಚಿಕೆಗೆ ‘ಯಾರೂ ಓದಲ್ಲ ಬಿಡು’ ಅಂತ ಕೈಬಿಟ್ಟವರು ನನಗೆ ಬಹಳ ಜನ ಗೊತ್ತು. ಅವರಿಗೆ ಉಪಯೋಗ ಆಗಲಿ ಅಂತ, ನಾನು ಎಡವಿ ಕಲಿತದ್ದನ್ನು ಮಾಡಬೇಕಾದ ಕ್ರಮದಲ್ಲೇ ಬರೆದಿದ್ದೇನೆ.

ಮೊದಲು ಎರಡು ದಿನ ಸುಮ್ಮನೆ ಕೂತು ನೋಡಿ

ಪೆನ್ನು ಹಿಡಿಯೋ ಮುಂಚೆ ಜಾಗ ಹುಡುಕಬೇಕು. ಪತ್ರಿಕೆ ಅಂದ ಮೇಲೆ ಗ್ರಂಥಾಲಯದ ಗೋಡೆಯೇ ಸರಿ ಅಂತ ಎಲ್ಲರಿಗೂ ಅನ್ನಿಸುತ್ತದೆ, ನನಗೂ ಅನ್ನಿಸಿತ್ತು. ಆದರೆ ಅಲ್ಲಿಗೆ ಬರುವವರು ಒಳಗಿನ ಪೇಪರ್ ಓದಲು ಬರುತ್ತಾರೆ. ಹೋಗುವಾಗ ಅವಸರ, ಬರುವಾಗ ಓದಿ ಸಾಕಾಗಿರುತ್ತದೆ. ಅಶ್ವತ್ಥಕಟ್ಟೆಯಲ್ಲಿ ದಿನವಿಡೀ ಜನ ಇರುತ್ತಾರೆ, ನಿಜ. ಇಸ್ಪೀಟು ಆಡುವವರ ಎದುರಿಗೆ ನಿಂತು ಗೋಡೆ ಓದುವ ಹೆಂಗಸು ಮಾತ್ರ ನಮ್ಮೂರಲ್ಲಿ ಇನ್ನೂ ಹುಟ್ಟಿಲ್ಲ. ಅಲ್ಲಿ ಹಾಕಿದರೆ ಅರ್ಧ ಊರನ್ನು ಮೊದಲ ದಿನವೇ ಬಿಟ್ಟುಕೊಟ್ಟ ಹಾಗೆ.

ಓಡಾಡುವ ಜಾಗದಲ್ಲಿ ಯಾರೂ ಓದಲ್ಲ, ಕಾಯುವ ಜಾಗದಲ್ಲಿ ಓದುತ್ತಾರೆ. ಇದು ತಿಳಿಯೋಕೆ ನನಗೆ ಆರು ತಿಂಗಳು ಬೇಕಾಯಿತು. ಆಮೇಲೆ ಎರಡು ದಿನ ಬೆಳಗ್ಗೆ ಸಂಜೆ ಕೂತು, ಯಾರು ಎಲ್ಲಿ ಎಷ್ಟು ಹೊತ್ತು ಸುಮ್ಮನೆ ನಿಲ್ಲುತ್ತಾರೆ ಅಂತ ಬರೆದುಕೊಂಡೆ. ಹಾಲಿನ ಡೇರಿ: ಕ್ಯಾನು ಹಿಡಿದು ಸಾಲಲ್ಲಿ ಐದರಿಂದ ಹತ್ತು ನಿಮಿಷ, ಗಂಡಸರು ಹೆಂಗಸರು ಮಕ್ಕಳು ಎಲ್ಲರೂ, ದಿನಕ್ಕೆ ಎರಡು ಸಲ. ಶುದ್ಧ ನೀರಿನ ಘಟಕ: ನಾಣ್ಯ ಹಾಕಿ ಕ್ಯಾನು ತುಂಬುವಷ್ಟು ಹೊತ್ತು. ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಇರುವ ನಮ್ಮ ಕಡೆ ಆ ಘಟಕಕ್ಕೆ ಹೋಗದ ಮನೆ ಕಡಿಮೆ. ರೇಷನ್ ಅಂಗಡಿ: ಬಹಳ ಹೊತ್ತು ನಿಲ್ಲುತ್ತಾರೆ, ಆದರೆ ತಿಂಗಳಿಗೊಮ್ಮೆ. ಅದೂ ಸರ್ವರ್ ಸಿಗದೆ, ಹೆಬ್ಬೆಟ್ಟು ತೆಗೆದುಕೊಳ್ಳದೆ ರೇಗಿರುವ ಜನ. ರೇಗಿದವರು ಬರೆದರೆ ಏನು ಬರೆಯುತ್ತಾರೆ ಅಂತ ನಾನು ಹೇಳಬೇಕಾಗಿಲ್ಲ.

ಡೇರಿ ಗೋಡೆ ಹಿಡಿದೆ. ಅಲ್ಲೂ ಒಂದು ತಪ್ಪು ಮಾಡಿದೆ. ನಮ್ಮ ಡೇರಿ ಬಾಗಿಲು ಪೂರ್ವಕ್ಕೆ. ಬಾಗಿಲ ಪಕ್ಕ ಹಾಕಿದ ಹಾಳೆ ಮೇಲೆ ಹಾಲು ಹಾಕುವ ಹೊತ್ತಿಗೇ ಎಳೆಬಿಸಿಲು ನೇರ ಬಿದ್ದು ಕಣ್ಣು ಕುಕ್ಕುತ್ತಿತ್ತು. ಕೆಂಪು ಸ್ಕೆಚ್ ಪೆನ್ನಲ್ಲಿ ಬರೆದದ್ದು ಹತ್ತೇ ದಿನಕ್ಕೆ ತೆಳು ಗುಲಾಬಿಯಾಯಿತು. ಈಗ ಉತ್ತರದ ಗೋಡೆಗೆ, ಕಿಟಕಿ ಸಜ್ಜಾದ ಅಡಿಗೆ ಹಾಕುತ್ತೇನೆ. ನೇರ ಬಿಸಿಲು ಕಮ್ಮಿ, ಅಡ್ಡಮಳೆ ಬಂದರಷ್ಟೇ ನೆನೆಯುತ್ತದೆ. ಬಣ್ಣ ಯಾವುದಾದರೂ ಬಳಸಿ, ಓದಲೇಬೇಕಾದ ಸಾಲು ಮಾತ್ರ ಕಪ್ಪಿನಲ್ಲಿರಲಿ.

ಕೇಳಿ ಹಾಕಿ, ಅಂಟಿಸಬೇಡಿ

ಗೋಡೆ ಯಾರದೋ ಅವರನ್ನು ಬಾಯಿಬಿಟ್ಟು ಕೇಳಬೇಕು. ನಮ್ಮ ಡೇರಿ ಕಾರ್ಯದರ್ಶಿ ನನ್ನನ್ನು ಕೇಳಿದ್ದು ಒಂದೇ ಮಾತು: ‘ರಾಜಕೀಯ ಹಾಕ್ತೀಯೇನಮ್ಮ?’ ಇಲ್ಲ ಅಂದೆ. ‘ಹಂಗಾದ್ರೆ ಯಾರ್ ಓದ್ತಾರೆ?’ ಅಂದರು. ಆದರೂ ಮೊಳೆ ಹೊಡೆಯೋಕೆ ಬಿಟ್ಟರು.

ಗಂಜಿ ಬೇಡ. ಮೇಕೆ, ಹಸು, ಇಲಿ ಎಲ್ಲಕ್ಕೂ ಅದು ಊಟ. ಹಿಂದೆ ಪೋಸ್ಟರ್ ಅಂಟಿಸುವವರು ಹುಳ ಹಿಡಿಯದಿರಲಿ ಅಂತ ಗಂಜಿಗೆ ಮೈಲುತುತ್ತ ಬೆರೆಸುತ್ತಿದ್ದರು. ಅದು ವಿಷ. ಯಾರದೋ ಮೇಕೆ ಸತ್ತರೆ ಮುಂದಿನ ಸಂಚಿಕೆಗೆ ನೀವೇ ಸುದ್ದಿ. ಬಡಗಿ ಹತ್ತಿರ ಎರಡಡಿ ಅಗಲ, ಮೂರಡಿ ಉದ್ದದ ಪ್ಲೈವುಡ್ ತುಂಡು ಕೇಳಿ, ಹಾಳೆಯ ನಾಲ್ಕು ಮೂಲೆ ಹಿಡಿಯುವಂತೆ ನಾಲ್ಕು ದೊಡ್ಡ ಕ್ಲಿಪ್ ಹಾಕಿ. ಅಂಗಡಿಯಲ್ಲಿ ಸಿಗುವ 22×28 ಇಂಚಿನ ಚಾರ್ಟ್ ಹಾಳೆ ಅದರಲ್ಲಿ ಸರಿಯಾಗಿ ಕೂರುತ್ತದೆ. ಹಲಗೆಯ ನಡುಭಾಗ ನೆಲದಿಂದ ನಾಲ್ಕೂವರೆ ಅಡಿ ಇರಲಿ. ದೊಡ್ಡವರು ಸ್ವಲ್ಪ ಬಗ್ಗಬೇಕು, ಏಳನೇ ಕ್ಲಾಸಿನವರು ಸ್ವಲ್ಪ ತಲೆ ಎತ್ತಬೇಕು. ಇಬ್ಬರಿಗೂ ಕೈ ಎಟುಕಬೇಕು, ಅದೇ ಮುಖ್ಯ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಎಂಬತ್ತು ಪದ, ಅದಕ್ಕಿಂತ ಹೆಚ್ಚಿಲ್ಲ

ಮೊದಲ ಸಂಚಿಕೆಯಲ್ಲಿ ನಾನು ಒಂದು ಪ್ರಬಂಧವನ್ನೇ ಬರೆದಿದ್ದೆ. ಇರುವೆ ಸಾಲಿನಂಥ ಅಕ್ಷರ, ಮೇಲೆ ‘ಗ್ರಾಮೀಣ ಯುವಜನತೆ ಮತ್ತು ಸಮಕಾಲೀನ ಸವಾಲುಗಳು’ ಅನ್ನೋ ತಲೆಬರಹ. ಮೇಕೆ ಅದನ್ನು ತಿಂದದ್ದು ಒಳ್ಳೆಯದೇ ಆಯಿತು.

ಕ್ಯಾನು ಹಿಡಿದು ಸಾಲಲ್ಲಿ ನಿಂತವರು ಎರಡು ಮೂರು ಹೆಜ್ಜೆ ದೂರದಿಂದ ಓದಬೇಕು. ಅದಕ್ಕೆ ಅಕ್ಷರ ಕನಿಷ್ಠ ಅರ್ಧ ಇಂಚು ಎತ್ತರ ಬೇಕು, ತಲೆಬರಹ ಎರಡು ಇಂಚು. ಇಲ್ಲಿ ಕನ್ನಡದ್ದೇ ಒಂದು ಪೇಚಿದೆ. ಅರ್ಧ ಇಂಚಿನ ಅಕ್ಷರಕ್ಕೆ ಅರ್ಧ ಇಂಚಿನ ಗೆರೆ ಎಳೆದುಕೊಂಡರೆ ಕೆಟ್ಟಿರಿ. ಒತ್ತಕ್ಷರ ಎಲ್ಲಿ ಕೂರಬೇಕು? ‘ರಾಷ್ಟ್ರ’ ಬರೆದರೆ ಅದರ ಒತ್ತು ಕೆಳಗಿನ ಸಾಲಿನ ‘ಕೀ’ಗೆ ಡಿಕ್ಕಿ ಹೊಡೆಯುತ್ತದೆ. ಸಾಲಿಗೂ ಸಾಲಿಗೂ ನಡುವೆ ಮುಕ್ಕಾಲು ಇಂಚು ಖಾಲಿ ಬಿಡಿ. ಹೀಗೆ ಬಿಟ್ಟು, ಹಾಳೆಯ ಬಲಭಾಗದಲ್ಲಿ ಮೂರನೇ ಒಂದು ಪಾಲನ್ನು ಮುಟ್ಟದೆ ಬರೆದರೆ ಒಟ್ಟು ಎಂಬತ್ತು ಪದ ಹಿಡಿಯುತ್ತದೆ. ಮೊದಮೊದಲು ಕೈ ಕಟ್ಟಿ ಹಾಕಿದ ಹಾಗಿರುತ್ತದೆ. ಆಮೇಲೆ ಗೊತ್ತಾಗುತ್ತದೆ, ಎಂಬತ್ತು ಪದದಲ್ಲಿ ಹೇಳಲಾಗದ ವಿಷಯ ಹಾಲಿನ ಸಾಲಿನಲ್ಲಿ ನಿಂತವರಿಗೆ ಬೇಕಾಗಿಯೂ ಇಲ್ಲ.

ಪೀಠಿಕೆ ಬರೆಯಬೇಡಿ. ‘ಭಾರತ ಹಳ್ಳಿಗಳ ದೇಶ’ ಅಂತ ಹಳ್ಳಿಯವರಿಗೇ ಹೇಳುವುದು ಎಂಥ ಮಾತು. ‘ರೇಷ್ಮೆ ಕೃಷಿಯ ಸಮಸ್ಯೆಗಳು’ ಅಂತ ಹಾಕಿದಾಗ ಒಬ್ಬರೂ ನಿಲ್ಲಲಿಲ್ಲ. ‘ಮೂರನೇ ಜ್ವರದಿಂದ ಹುಳು ಒಂದೇ ಸಮ ಏಳ್ತಿಲ್ಲವಾ?’ (ರೇಷ್ಮೆ ಹುಳು ಮೇವು ಬಿಟ್ಟು ಪೊರೆ ಕಳಚುವುದಕ್ಕೆ ಜ್ವರ ಅನ್ನುತ್ತಾರೆ) ಅಂತ ಹಾಕಿದ ದಿನ ಸಾಲು ಮುಂದೆ ಸರಿಯದೆ ಹಾಲು ಅಳೆಯುವವರು ಕೂಗಬೇಕಾಯಿತು. ಒಬ್ಬರು ‘ಸುಣ್ಣ ಸರಿಯಾಗಿ ಹೊಡೀರಿ’ ಅಂತ ಬರೆದರೆ, ಅದರ ಕೆಳಗೆ ಇನ್ನೊಬ್ಬರು ‘ಸುಣ್ಣ ಅಲ್ಲ, ಚಾಕಿಯಲ್ಲೇ ತಪ್ಪಿದೆ’ ಅಂತ, ಅಂದರೆ ಮರಿಹುಳು ಸಾಕುವಾಗಲೇ ತಪ್ಪಾಗಿದೆ ಅಂತ ಬರೆದರು. ಅವರಿಬ್ಬರ ಜಗಳ ಎರಡು ಸಂಚಿಕೆ ನಡೆಯಿತು. ನನಗೆ ಖರ್ಚಿಲ್ಲದ ಪತ್ರಿಕೆ.

ಕೈಬರಹ ಚೆನ್ನಾಗಿಲ್ಲ ಅಂತ ಹಿಂಜರಿಯುವವರಿಗೆ ಒಂದು ಮಾತು. ಕನ್ನಡದ ಮೊದಲ ಪತ್ರಿಕೆ, 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಹೊರತಂದ ‘ಮಂಗಳೂರ ಸಮಾಚಾರ’, ಕಲ್ಲಚ್ಚಿನದು. ಅಚ್ಚಿನ ಮೊಳೆ ಜೋಡಿಸಿದ ಅಕ್ಷರಗಳಲ್ಲ, ಯಾರೋ ಕೂತು ಕೈಯಾರೆ ಬರೆದ ಅಕ್ಷರಗಳು. ಅದೂ ಹದಿನೈದು ದಿನಕ್ಕೊಮ್ಮೆ ಬರುತ್ತಿತ್ತು. ನಾವು ಹಾಳೆ ಬದಲಿಸುವ ಲೆಕ್ಕವೂ ಅದೇ ಅಂತ ಆಮೇಲೆ ಗೊತ್ತಾಗಿ ನನಗೆ ಸುಮ್ಮಸುಮ್ಮನೆ ಖುಷಿಯಾಯಿತು.

ಬಲಭಾಗ ಊರಿನವರದು

ಉತ್ತರ ಬರಲಿ ಅಂತ ನಾನು ಮೊದಲು ಇಟ್ಟದ್ದು ಪೆಟ್ಟಿಗೆ. ಬಿಸ್ಕತ್ತಿನ ಡಬ್ಬಿಗೆ ಸೀಳು ಕೊರೆದು ‘ನಿಮ್ಮ ಅಭಿಪ್ರಾಯ ಹಾಕಿ’ ಅಂತ ಬರೆದೆ. ಎರಡು ತಿಂಗಳಲ್ಲಿ ಒಳಗೆ ಸಿಕ್ಕಿದ್ದು ಒಂದು ಬಸ್ ಟಿಕೆಟ್, ಚಾಕೊಲೇಟಿನ ಸಿಪ್ಪೆ, ಮತ್ತು ಬೀದಿ ದೀಪ ಕೆಟ್ಟಿದೆ ಅನ್ನೋ ಒಂದು ಚೀಟಿ. ಸೀಳು ಇರುವ ಪೆಟ್ಟಿಗೆ ಅಂದರೆ ಜನಕ್ಕೆ ದೂರು ಪೆಟ್ಟಿಗೆ. ಹಾಕಿದ್ದು ಎಲ್ಲಿಗೆ ಹೋಗುತ್ತದೆ, ಯಾರು ಓದುತ್ತಾರೆ ಗೊತ್ತಾಗಲ್ಲ. ಗೊತ್ತಾಗದ ಕಡೆಗೆ ಯಾರು ಬರೆಯುತ್ತಾರೆ?

ಪೆಟ್ಟಿಗೆ ತೆಗೆದು, ಹಾಳೆಯ ಬಲಭಾಗವನ್ನೇ ಖಾಲಿ ಬಿಟ್ಟೆ. ಮೇಲೆ ಉದ್ದ ಸೂಚನೆ ಏನೂ ಇಲ್ಲ, ‘ಇಲ್ಲಿ ಬರೀರಿ’ ಅಂತಷ್ಟೇ. ಹೀಗೆ ಮಾಡಿದಾಗ ಒಬ್ಬರ ಉತ್ತರವನ್ನು ಮುಂದಿನವರು ಓದುತ್ತಾರೆ, ಅದು ಸರಿಯಿಲ್ಲ ಅಂತ ತಮ್ಮದು ಬರೆಯುತ್ತಾರೆ. ನಾನು ಬರೆದದ್ದಕ್ಕೆ ಉತ್ತರ ಕೊಡುವವರಿಗಿಂತ ಪಕ್ಕದ ಮನೆಯವರು ಬರೆದದ್ದಕ್ಕೆ ಉತ್ತರ ಕೊಡುವವರೇ ಜಾಸ್ತಿ. ಬೇಜಾರು ಮಾಡಿಕೊಳ್ಳಬೇಡಿ, ಪತ್ರಿಕೆ ನಡೆಯುವುದು ಅದರಿಂದಲೇ.

ಪೆನ್ನು ಕಟ್ಟಿದರೆ ಮೂರನೇ ದಿನ ದಾರ ಮಾತ್ರ ಉಳಿದಿರುತ್ತದೆ. ಉಳಿದರೂ ರೀಫಿಲ್ ಒಣಗಿರುತ್ತದೆ. ಪೆನ್ಸಿಲ್ ಕಟ್ಟಿ, ಅದೂ ಅರ್ಧ ಸವೆದದ್ದು. ಅದನ್ನು ಯಾರೂ ಕದಿಯಲ್ಲ, ಅದು ಒಣಗಲ್ಲ, ಮಳೆ ಹನಿ ಬಿದ್ದರೆ ಬರೆದದ್ದು ಹರಿಯಲ್ಲ. ದಾರ ಹಾಳೆಯ ಕೆಳಗಿನ ಮೂಲೆಯವರೆಗೆ ಬರುವಷ್ಟು ಉದ್ದ ಇರಲಿ, ಮಕ್ಕಳು ಬರೆಯುವುದು ಅಲ್ಲೇ.

ಖಾಲಿ ಜಾಗದಲ್ಲಿ ಮೊದಲು ಬರೆಯೋಕೆ ಎಲ್ಲರಿಗೂ ಸಂಕೋಚ. ಇದಕ್ಕೆ ನಾನು ಒಂದು ಕಳ್ಳದಾರಿ ಹಿಡಿದೆ. ಅಕ್ಷರ ಬದಲಿಸಿ, ಒಂದನ್ನು ಎಡಕ್ಕೆ ವಾಲಿಸಿ, ಒಂದನ್ನು ಬಲಕ್ಕೆ ವಾಲಿಸಿ ನಾನೇ ಮೂರು ಉತ್ತರ ಬರೆದಿಟ್ಟೆ. ಬೆಳಗ್ಗೆ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಹಾಲಿನ ಕ್ಯಾನು ಕೆಳಗಿಟ್ಟು ಹತ್ತಿರ ಹೋಗಿ ನೋಡಿ, ಎಲ್ಲರ ಮುಂದೆ ‘ಮೂರೂ ನೀನೇ ಬರ್ದಿರೋದು ಅಲ್ವಾಕ್ಕ, ನಿನ್ನ ಳ ಗೊತ್ತಾಗಲ್ವಾ?’ ಅಂದಳು. ಆ ಸಂಚಿಕೆಗೆ ಬೇರೆ ಒಂದು ಉತ್ತರವೂ ಬರಲಿಲ್ಲ. ಮುಂದಿನದಕ್ಕೆ ಹಾಲು ಪರೀಕ್ಷೆ ಮಾಡುವ ಅಣ್ಣನನ್ನು ಕೇಳಿದೆ, ‘ಹಾಳೆ ಹಾಕಿದ ತಕ್ಷಣ ನಿನಗೆ ಅನ್ನಿಸಿದ್ದು ಒಂದು ಸಾಲು ಬರೆದುಬಿಡಣ್ಣ’ ಅಂತ. ಸುಳ್ಳಿಲ್ಲ, ನಿಜವಾಗಿ ಅವರ ಉತ್ತರವೇ. ಡೇರಿಗೆ ಬರುವ ಪ್ರತಿಯೊಬ್ಬರಿಗೂ ಅವರು ಗೊತ್ತು, ಅವರನ್ನು ಗೇಲಿ ಮಾಡಬೇಕೆಂದಾದರೂ ಕೆಳಗೆ ಒಂದು ಸಾಲು ಬೀಳುತ್ತದೆ. ನಿಮ್ಮ ಜಾಗದಲ್ಲೂ ಅಂಥವರೊಬ್ಬರು ಇದ್ದೇ ಇರುತ್ತಾರೆ. ಹಾಸ್ಟೆಲಾದರೆ ಅಡುಗೆಯವರು, ಶಾಲೆಯಾದರೆ ಗಂಟೆ ಹೊಡೆಯುವವರು.

ಪ್ರಶ್ನೆ ಕೇಳುವುದೇ ಅರ್ಧ ಕೆಲಸ

‘ಶಿಕ್ಷಣದ ಮಹತ್ವದ ಬಗ್ಗೆ ನಿಮ್ಮ ಅಭಿಪ್ರಾಯವೇನು?’ ಸೊನ್ನೆ ಉತ್ತರ. ‘ಮೇಷ್ಟ್ರು ನಿಮಗೆ ಹೊಡೆದದ್ದು ಯಾವುದರಲ್ಲಿ?’ ಮೂವತ್ತೊಂದು ಉತ್ತರ. ಹುಣಸೆ ಬರಲು, ಮರದ ಸ್ಕೇಲು, ಡಸ್ಟರು, ‘ಕೈಯಲ್ಲೇ, ಸಾಕಾಗಿತ್ತು’, ‘ನನಗೆ ಹೊಡೆದಿಲ್ಲ, ನಾನು ಸ್ಕೂಲಿಗೇ ಹೋಗಿಲ್ಲ’. ಶಿಕ್ಷಣದ ಮಹತ್ವದ ಬಗ್ಗೆ ನಾನು ಕೇಳಬೇಕೆಂದಿದ್ದದ್ದು ಆ ಕೊನೇ ಉತ್ತರದಲ್ಲೇ ಇತ್ತು.

ನಿಂತಲ್ಲೇ ಒಂದು ಸಾಲಲ್ಲಿ ಉತ್ತರ ಹೇಳುವಂತಿರಬೇಕು. ಪ್ರತಿಯೊಬ್ಬರ ಉತ್ತರ ಬೇರೆಯಾಗಿರಬೇಕು. ಯಾವ ಉತ್ತರವೂ ತಪ್ಪು ಅನ್ನಿಸಬಾರದು, ಯಾರ ಬಡತನವೂ ಬಯಲಾಗಬಾರದು. ‘ಯುಗಾದಿಗೆ ಏನು ಹೊಸದು ತಗೊಂಡಿರಿ?’ ಅಂತ ಒಮ್ಮೆ ಕೇಳಿ ನಾಚಿಕೆಪಟ್ಟಿದ್ದೇನೆ. ಅದೇ ಪ್ರಶ್ನೆಯನ್ನು ‘ಒಬ್ಬಟ್ಟಿಗೆ ನಿಮ್ಮನೇಲಿ ಬೇಳೆಯೋ ಕಾಯಿಯೋ?’ ಅಂತ ಕೇಳಬಹುದಿತ್ತು.

ನಾಲ್ಕು ವರ್ಷದಲ್ಲಿ ಅತಿ ಹೆಚ್ಚು ಬರೆಸಿದ ಪ್ರಶ್ನೆ ಇದು: ‘ನಮ್ಮೂರ ಕೆರೆ ಕೋಡಿ ಬಿದ್ದದ್ದು ನೀವು ಕಂಡಂತೆ ಯಾವ ವರ್ಷ?’ ವರ್ಷವಿಡೀ ಹರಿಯುವ ನದಿ ಇಲ್ಲದ ಸೀಮೆಯಲ್ಲಿ ಕೆರೆ ಕೋಡಿ ಬೀಳುವುದು ಮನೆಯ ಮದುವೆಯಷ್ಟೇ ದೊಡ್ಡದು. 2021ರ ನವೆಂಬರ್ ಮಳೆಗೆ ಚಿಕ್ಕಬಳ್ಳಾಪುರ, ಕೋಲಾರದ ಎಷ್ಟೋ ಕೆರೆಗಳು ತುಂಬಿ ಹರಿದದ್ದು ಮಕ್ಕಳಿಗೂ ನೆನಪಿದೆ, ಮೊದಲ ಏಳೆಂಟು ಜನ ಅದನ್ನೇ ಬರೆದರು. ಅವುಗಳ ಕೆಳಗೆ ಸಣ್ಣದಾಗಿ, ಹೆಸರಿಲ್ಲದೆ, ಒಂದು ಸಾಲು: ‘ಮಾ ಪೆಂಡ್ಲಿ ಅಯ್ನ ಏಡು’. ನಮ್ಮ ಮದುವೆಯಾದ ವರ್ಷ ಅಂತ, ತೆಲುಗಿನಲ್ಲಿ, ಕನ್ನಡ ಅಕ್ಷರದಲ್ಲಿ. ಅದರ ಕೆಳಗೆ ಇನ್ಯಾರೋ ‘ಯಾರ ಮದುವೆ?’ ಅಂತ ಕೇಳಿದ್ದರು. ಮಾರನೇ ದಿನ ಬೇರೆ ಕೈಬರಹದಲ್ಲಿ ‘ಆ ವರ್ಷ ಅಲ್ಲ, ಅದರ ಮುಂದಿನ ವರ್ಷ, ನಮ್ಮ ಎಮ್ಮೆ ಕೋಡಿ ನೀರಲ್ಲಿ ಕೊಚ್ಚಿಕೊಂಡು ಹೋಯ್ತಲ್ಲ ಆವಾಗ’ ಅಂತ ಬಿದ್ದಿತ್ತು. ಮೂರನೇ ದಿನ ಒಬ್ಬ ಅಜ್ಜಿ ಮೊಮ್ಮಗಳನ್ನು ಕೈಹಿಡಿದು ಕರೆದುಕೊಂಡು ಬಂದು, ತಾನು ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆಯಬೇಕು ಅಂತ ಪಕ್ಕದಲ್ಲೇ ನಿಂತು ಬರೆಸಿದರು: ಕೋಡಿ ಬಿದ್ದ ದಿನ ಗಂಗಮ್ಮನಿಗೆ ಬಾಗಿನ ಬಿಟ್ಟೆವು, ನಾನು ಹಸಿರು ಸೀರೆ ಉಟ್ಟಿದ್ದೆ, ನೀರು ಮೊಣಕಾಲ ತನಕ ಇತ್ತು. ಹುಡುಗಿ ಬರೆದು ಮುಗಿಸಿದ ಮೇಲೆ ಅಜ್ಜಿ ‘ಓದಮ್ಮ’ ಅಂದರು. ಓದಿಸಿ ಕೇಳಿ, ‘ಹಸಿರು ಅಂತ ಬರ್ದಿದ್ದೀಯಾ?’ ಅಂತ ಇನ್ನೊಂದು ಸಲ ಖಾತ್ರಿ ಮಾಡಿಕೊಂಡು ಹೋದರು. ಆ ಹಾಳೆಗೆ ಕೊನೆಗೆ ಕೆಳಗೆ ಇನ್ನೊಂದು ಹಾಳೆ ಜೋಡಿಸಬೇಕಾಯಿತು.

ಭಾಷೆಯ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಶಾಲೆ ಕನ್ನಡ. ರೇಷ್ಮೆ ಗೂಡಿನ ವ್ಯವಹಾರಕ್ಕೆ ಬರುವವರಲ್ಲಿ ಉರ್ದು ಮಾತಾಡುವವರೂ ಇದ್ದಾರೆ. ‘ಶುದ್ಧ ಕನ್ನಡದಲ್ಲಿ ಬರೆಯಿರಿ’ ಅಂತ ಒಂದು ಸಲ ಹಾಕಿದ್ದೆ, ಅರ್ಧ ಜನ ಪೆನ್ಸಿಲ್ ಮುಟ್ಟಲಿಲ್ಲ. ಈಗ ಯಾರು ಹೇಗೆ ಬರೆದರೂ ಇರಲಿ. ಎಡಭಾಗದಲ್ಲಿ ನಾನು ಬರೆಯುವುದು ಕನ್ನಡ, ಬಲಭಾಗದಲ್ಲಿ ಊರು ಮಾತಾಡುವುದು ಊರಿನ ಮಾತು. ಓದು ಬಾರದವರನ್ನೂ ಓದುಗರೆಂದೇ ಲೆಕ್ಕ ಹಾಕಿ. ಒಂದು ಮಗುವಿಗೆ ಗಟ್ಟಿಯಾಗಿ ಓದೋಕೆ ಹೇಳಿದರೆ ಸಾಲಲ್ಲಿ ನಿಂತ ಹತ್ತು ಜನ ಓದಿದ ಹಾಗೆ.

ಪಡಿತರ ಹಕ್ಕಿ

ಹ ಮತ್ತು ಅ ನಮ್ಮ ಕಡೆಯವರ ನಾಲಿಗೆಯಲ್ಲಿ ಜಾಗ ಬದಲಿಸುತ್ತಲೇ ಇರುತ್ತವೆ. ಒಂದು ಸಂಚಿಕೆಯ ಮೂಲೆಯಲ್ಲಿ, ಅವಸರದಲ್ಲಿ, ‘ಈ ತಿಂಗಳ ಪಡಿತರ ಹಕ್ಕಿ ಬಂದಿದೆ’ ಅಂತ ಬರೆದುಬಿಟ್ಟೆ. ಮಧ್ಯಾಹ್ನದ ಹೊತ್ತಿಗೆ ಯಾರೋ ಪಕ್ಕದಲ್ಲಿ ಒಂದು ಗುಬ್ಬಿ ಬಿಡಿಸಿದ್ದರು. ಸಂಜೆಗೆ ‘ತಲೆಗೆ ಎಷ್ಟು ಕೆಜಿ ಹಕ್ಕಿ?’, ‘ಬಿಪಿಎಲ್‌ನವರಿಗೆ ಕಾಗೆನಾ, ನವಿಲಾ?’. ರಿಟೈರ್ಡ್ ಮೇಷ್ಟ್ರೊಬ್ಬರು ಕೆಂಪು ಪೆನ್ನು ತಂದು ಹ ಹೊಡೆದು ಅ ಮಾಡಿ, ಪಕ್ಕದಲ್ಲಿ ಸಹಿ ಹಾಕಿ ಹೋದರು. ಅವರು ಅಲ್ಲಿಯವರೆಗೆ ಪತ್ರಿಕೆಯ ಹತ್ತಿರ ಸುಳಿದವರಲ್ಲ. ಈಗ ಪ್ರತಿ ಸಂಚಿಕೆಗೆ ಕೆಂಪು ಪೆನ್ನಿನೊಂದಿಗೆ ಬರುತ್ತಾರೆ. ಬೇಕಂತಲೇ ತಪ್ಪು ಬರೆಯಿರಿ ಅಂತ ಹೇಳುತ್ತಿಲ್ಲ. ಆದ ತಪ್ಪನ್ನು ಹಾಳೆ ಬದಲಿಸಿ ಮುಚ್ಚಬೇಡಿ ಅಂತಷ್ಟೇ.

ಬರೆದವರ ಮಾತು ಮುಂದಿನ ಹಾಳೆಯಲ್ಲಿ ಕಾಣಬೇಕು

ಹೊಸ ಹಾಳೆಯ ಮೊದಲ ಮೂರು ಸಾಲು ಹಳೇ ಹಾಳೆಯ ಉತ್ತರಗಳಿಗೆ ಮೀಸಲು. ಅವರ ಮಾತಲ್ಲೇ, ತಿದ್ದದೆ. ಹೆಸರು ಹಾಕುವ ಮುಂಚೆ ಕೇಳಿಕೊಳ್ಳಿ. ಕೆಲವರಿಗೆ ಹೆಸರು ಬೇಕು, ಕೆಲವರಿಗೆ ‘ಮೂಲೆಮನೆಯವರು’ ಅಂದರೆ ಸಾಕು. ತಮ್ಮ ಮಾತು ದೊಡ್ಡ ಅಕ್ಷರದಲ್ಲಿ ಬಂದಿದೆ ಅಂತ ತಿಳಿದವರು ಆ ವಾರ ಮನೆಯವರನ್ನೆಲ್ಲ ಕರೆದುಕೊಂಡು ಬರುತ್ತಾರೆ. ಎಲ್ಲರದ್ದೂ ಹಾಕಲಾಗುವುದಿಲ್ಲ. ಆದ್ದರಿಂದ ಯಾವತ್ತೂ ಹೆಚ್ಚು ಬರೆಯದವರದ್ದನ್ನು ಮೊದಲು ಆರಿಸಿ. ಚೆನ್ನಾಗಿ ಬರೆಯುವ ನಾಲ್ಕು ಜನರನ್ನೇ ಪ್ರತಿ ಸಲ ಎತ್ತಿ ಹಾಕಿದರೆ ಪತ್ರಿಕೆ ಆ ನಾಲ್ಕು ಜನರದ್ದಾಗುತ್ತದೆ. ನನ್ನ ಎರಡನೇ ವರ್ಷ ಹಾಳಾದದ್ದು ಹಾಗೇ.

ಯಾರಾದರೂ ಏನಾದರೂ ಕೇಳಿದ್ದರೆ ಉತ್ತರ ಕೊಡಿ. ಬಸ್ಸಿನ ಸಮಯ ಬದಲಾಯಿತಾ ಅಂತ ಕೇಳಿದ್ದರೆ, ಸ್ಟ್ಯಾಂಡಿನಲ್ಲಿ ವಿಚಾರಿಸಿ ಮಾರನೇ ದಿನವೇ ಅದೇ ಪ್ರಶ್ನೆಯ ಪಕ್ಕ ಪೆನ್ಸಿಲಿನಲ್ಲಿ ಬರೆದುಬಿಡಿ, ಹದಿನೈದು ದಿನ ಕಾಯಿಸಬೇಡಿ.

ಹುಳು ನಾಲ್ಕನೇ ಜ್ವರದಿಂದ ಎದ್ದರೆ ನೀವು ಮಲಗಿ

ಊರಿಗೆ ಪುರುಸೊತ್ತಿಲ್ಲದ ದಿನ ನೋಡಿ ಹಾಳೆ ಹಾಕಿದರೆ ಎಷ್ಟು ಚೆನ್ನಾಗಿ ಬರೆದರೂ ದಂಡ. ನಮ್ಮ ಬೀದಿಯ ಹೆಚ್ಚಿನವರು ಒಂದೇ ಕಡೆಯಿಂದ ಚಾಕಿ ತರುವುದರಿಂದ ಎಲ್ಲರ ಹುಳುವೂ ಹೆಚ್ಚುಕಡಿಮೆ ಒಟ್ಟಿಗೇ ಬೆಳೆಯುತ್ತದೆ. ನಾಲ್ಕನೇ ಜ್ವರ ಕಳೆದು ಕೊನೇ ಹಂತಕ್ಕೆ ಬಂದ ಹುಳು ತಿನ್ನುವ ಸೊಪ್ಪು ಅಷ್ಟಿಷ್ಟಲ್ಲ, ಇಡೀ ಬೆಳೆಗೆ ಬೇಕಾದ ಸೊಪ್ಪಿನಲ್ಲಿ ಬಹುಪಾಲು ಆ ಒಂದು ವಾರದಲ್ಲೇ ಮುಗಿಯುತ್ತದೆ. ಮನೆಮಂದಿ ಹಗಲು ರಾತ್ರಿ ಸೊಪ್ಪು ಕೊಯ್ಯುವುದು, ಹಾಕುವುದು. ಆಮೇಲೆ ಹಣ್ಣಾದ ಹುಳು ಆರಿಸಿ, ಗೂಡು ಕಟ್ಟಲು ಚಂದ್ರಿಕೆ ತಟ್ಟೆಗೆ ಬಿಡುವ ಗಡಿಬಿಡಿ. ಹಾಲನ್ನು ಮಕ್ಕಳ ಕೈಲಿ ಕಳಿಸುತ್ತಾರೆ. ಆ ವಾರ ನಾನು ಹಳೇ ಹಾಳೆಯನ್ನೇ ಬಿಟ್ಟಿರುತ್ತೇನೆ, ಇಲ್ಲವೇ ಮಕ್ಕಳಿಗೆ ಒಂದು ಒಗಟು ಹಾಕುತ್ತೇನೆ. ಗೂಡು ಬಿಡಿಸಿ ಶಿಡ್ಲಘಟ್ಟ ಮಾರ್ಕೆಟ್ಟಿಗೆ ಹೋಗಿ ಬಂದ ಮಾರನೇ ಬೆಳಗ್ಗೆ ಹೊಸ ಹಾಳೆ. ರೇಟು ಚೆನ್ನಾಗಿ ಸಿಕ್ಕಿದ್ದರೆ ಬರೆಯೋಕೆ ಹುರುಪು, ಸಿಗದಿದ್ದರೆ ಬರೆಯೋಕೆ ಸಿಟ್ಟು. ಎರಡೂ ಹಾಳೆ ತುಂಬಿಸುತ್ತವೆ. ಟೊಮೇಟೊ ಸೀಮೆಯವರು ನಿಮ್ಮ ಕೊಯ್ಲಿನ ಲೆಕ್ಕ ನೋಡಿಕೊಳ್ಳಿ, ಹಾಸ್ಟೆಲಿನವರು ಪರೀಕ್ಷೆಯ ಲೆಕ್ಕ.

ಜಗಳ

ಆಗುತ್ತದೆ. ಒಂದು ಸಲ ಯಾರೋ ಬಲಭಾಗದಲ್ಲಿ ‘ನಮ್ಮ ಹಾಲಿಗೆ ಮಾತ್ರ ಯಾಕೆ ಯಾವಾಗಲೂ ಡಿಗ್ರಿ ಕಮ್ಮಿ?’ ಅಂತ ಬರೆದರು. ಡಿಗ್ರಿ ಅಂದರೆ ಡೇರಿಯಲ್ಲಿ ಹಾಲಿನ ಗಟ್ಟಿತನ ನೋಡುವ ಅಳತೆ. ಗೋಡೆ ಡೇರಿಯದ್ದು, ಮಾತೂ ಡೇರಿಯ ಮೇಲೆ. ಸಂಜೆಗೆ ನನ್ನ ಹಲಗೆ ನೆಲದ ಮೇಲಿತ್ತು. ನಾಲ್ಕು ದಿನ ನೀರಿನ ಘಟಕದ ಗೋಡೆಯಲ್ಲಿ ಕಾಲ ಕಳೆದು, ಮತ್ತೆ ಹೋಗಿ ಕೇಳಿದೆ. ಪ್ರಶ್ನೆ ಅಳಿಸಲ್ಲ, ಆದರೆ ನಿಮ್ಮ ಉತ್ತರಕ್ಕೂ ಅಷ್ಟೇ ಜಾಗ ಕೊಡುತ್ತೇನೆ ಅಂದೆ. ಹಾಲಿನ ಡಿಗ್ರಿ, ಫ್ಯಾಟು ಹೇಗೆ ಅಳೆಯುತ್ತಾರೆ, ಬೆಳಗಿನ ಹಾಲಿಗೂ ಸಂಜೆ ಹಾಲಿಗೂ ಯಾಕೆ ವ್ಯತ್ಯಾಸ ಬರುತ್ತದೆ, ಮೇವು ಬದಲಾದರೆ ಏನಾಗುತ್ತದೆ ಅಂತ ಕಾರ್ಯದರ್ಶಿಯವರೇ ಹೇಳಿ ಬರೆಸಿದರು. ಆ ಹಾಳೆಯನ್ನು ಪಕ್ಕದೂರಿನವರು ಬಂದು ಫೋಟೋ ಹೊಡೆದುಕೊಂಡು ಹೋದರು.

ನಾನು ಇಟ್ಟುಕೊಂಡಿರುವ ಕಟ್ಟು ಇಷ್ಟೇ: ಜಾತಿ ಎತ್ತಿ ಬರೆದದ್ದು, ಹೆಣ್ಣುಮಕ್ಕಳ ಹೆಸರು ಹಿಡಿದು ಬರೆದದ್ದು, ಯಾರ ಸಾಲ ಯಾರ ಹತ್ತಿರ ಅನ್ನೋದು, ಇವು ಕಂಡ ತಕ್ಷಣ ರಬ್ಬರಿನಲ್ಲಿ ಹೋಗುತ್ತವೆ. ಪೆನ್ಸಿಲಿನ ಇನ್ನೊಂದು ಉಪಕಾರ ಅದು. ಉಳಿದದ್ದು ನನಗೆ ಹಿಡಿಸದಿದ್ದರೂ ಇರುತ್ತದೆ. ನನ್ನ ಬರಹವನ್ನೇ ‘ಬರೀ ಬೋರು’ ಅಂದದ್ದು ಹದಿನೈದು ದಿನ ಪೂರ್ತಿ ಗೋಡೆಯ ಮೇಲಿತ್ತು, ದಿನಾ ಹಾಲು ಹಾಕುವಾಗ ಓದಿದ್ದೇನೆ.

ಓದುವವರು ಎಷ್ಟು ಅಂತ ತಿಳಿಯಬೇಕಾದರೆ ಉತ್ತರ ಎಣಿಸಿದರೆ ಸಾಲದು. ತಿಂಗಳಿಗೊಮ್ಮೆ ಎದುರಿನ ಜಗಲಿಯಲ್ಲಿ ಅರ್ಧ ಗಂಟೆ ಕೂತು, ತಲೆ ತಿರುಗಿಸಿದವರು ಎಷ್ಟು, ತುಟಿ ಅಲ್ಲಾಡಿಸಿ ಓದಿದವರು ಎಷ್ಟು, ಪಕ್ಕದವರಿಗೆ ತೋರಿಸಿದವರು ಎಷ್ಟು ಅಂತ ಗೆರೆ ಹಾಕಿಕೊಳ್ಳಿ. ತೋರಿಸಿದವರ ಗೆರೆ ಕಮ್ಮಿಯಾದರೆ ಮುಂದಿನ ಪ್ರಶ್ನೆ ಬದಲಿಸಿ.

ಊರ ವಾಟ್ಸ್ಆ್ಯಪ್ ಗುಂಪಿಗೆ ಫೋಟೋ ಹಾಕುವುದಾದರೆ ಹಾಳೆ ಇಳಿಸುವ ದಿನ ಹಾಕಿ. ಮೊದಲೇ ಹಾಕಿದರೆ ಗೋಡೆಯ ಹತ್ತಿರ ಬರುವವರು ಫೋನಿನಲ್ಲೇ ಮುಗಿಸುತ್ತಾರೆ, ಒಂದು ಹೆಬ್ಬೆಟ್ಟಿನ ಚಿತ್ರ ಹಾಕಿ ಸುಮ್ಮನಾಗುತ್ತಾರೆ. ಬೆಂಗಳೂರಿಗೆ ಹೋದವರ ಉತ್ತರ ಬಂದರೆ ಮುಂದಿನ ಹಾಳೆಯಲ್ಲಿ ಬರೆದು ಹಾಕಿ.

ಹಳೇ ಹಾಳೆ ಎಸೆಯಬೇಡಿ. ಸುತ್ತಿ, ಗ್ರಂಥಾಲಯದ ಬೀರುವಿನ ಮೇಲಿಟ್ಟರೆ ಯಾರೂ ಬೇಡ ಅನ್ನಲ್ಲ. ಹೋದ ದಸರಾಕ್ಕೆ ಬೆಂಗಳೂರಿಂದ ಬಂದವರೊಬ್ಬರು, ಕೆರೆಯ ಹಾಳೆ ಎಲ್ಲಿ, ಅದರಲ್ಲಿ ನಮ್ಮಪ್ಪ ಬರೆದದ್ದಿದೆಯಂತೆ, ನೋಡಬೇಕು ಅಂದರು. ಎಪ್ಪತ್ತು ಸುರುಳಿ ಬಿಚ್ಚಿ ಹುಡುಕುವಷ್ಟರಲ್ಲಿ ಅವರ ಬಸ್ಸಿಗೆ ಹೊತ್ತಾಯಿತು. ಹಾಳೆ ಸಿಕ್ಕಿತು, ಬಸ್ಸು ತಪ್ಪಿತು. ಅಲ್ಲಿಂದೀಚೆಗೆ ತಾರೀಖನ್ನೂ ಪ್ರಶ್ನೆಯನ್ನೂ ಹಾಳೆಯ ಹಿಂಬದಿಯಲ್ಲಿ, ಸುತ್ತಿದಾಗ ಹೊರಗೆ ಕಾಣುವ ಮೂಲೆಗೆ ಬರೆಯುತ್ತೇನೆ.